ಸೊಸೆ ಆ ಟೀಮಿಗೆ, ಹೆಣ್ಣುಮಕ್ಕಳು ಈ ಟೀಮಿಗೆ

ಬೇಸಿಗೆ ಬಂತೆಂದರೆ ನಮ್ಮ ಕೊಡಗಿನಲ್ಲಿ ಮನೆತನಗಳ ನಡುವೆ ಹಾಕಿ ಪಂದ್ಯ...

ಒಂದೊಂದು ಮನೆತನಕ್ಕೆ ಒಂದೊಂದು ಟೀಮು. ತಾತ, ಮೊಮ್ಮಗ, ಸೊಸೆ ಎಲ್ಲರೂ ಒಂದೇ ಜರ್ಸಿಯಲ್ಲಿ!

ಮದುವೆಯಾದ ಹೆಣ್ಣುಮಕ್ಕಳು ತವರಿಗಾದರೂ ಆಡಬಹುದು, ಗಂಡನ ಮನೆಗಾದರೂ ಆಡಬಹುದು.

ಈ ರೂಲ್ ನೋಡಿಯೇ ನನ್ನ ಮೈದುನ ಬೆಳ್ಯಪ್ಪನಿಗೆ ಒಂದು ಐಡಿಯಾ ಹೊಳೆದದ್ದು.

ಅವನು ನಮ್ಮ ಮನೆತನದ ಟೀಮಿನ ಮ್ಯಾನೇಜರು. ನಾವೋ, ಮೊದಲ ರೌಂಡ್ ದಾಟಿ ಎಷ್ಟೋ ವರ್ಷವಾಗಿದೆ.

ನಮ್ಮ ದೊಡ್ಡ ಭಾವನ ಮಗಳು ಚೋಂದಮ್ಮ ಮತ್ತು ಅವಳ ತಂಗಿ ರಾಜ್ಯ ಟೀಮಿಗೆ ಆಡಿದವರು. ಆದರೆ ಇಬ್ಬರೂ ಮದುವೆಯಾಗಿ ಹೋದದ್ದು ಒಂದೇ ಮನೆಗೆ... ಆಡುವುದೂ ಆ ಮನೆಗೇ.

ಅದೇ ಮನೆಯ ಹುಡುಗಿ ಬೊಳ್ಳಮ್ಮ ಈಗ ಬೆಳ್ಯಪ್ಪನ ಸೊಸೆ. ಬಂದು ಎರಡು ತಿಂಗಳಾಗಿದೆಯಷ್ಟೆ. ಗಾಳಿಯಂತೆ ಓಡುತ್ತಾಳೆ, ಆದರೆ ದೊಡ್ಡ ಪಂದ್ಯ ಆಡಿದವಳಲ್ಲ.

ಭಾನುವಾರ ಜಗಲಿಯಲ್ಲಿ ಮೀಟಿಂಗ್. ಮಾತು ನಡೆದದ್ದು ಕೊಡವ ಭಾಷೆಯಲ್ಲಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೊಳ್ಳಮ್ಮ ಈ ಸಲ ತವರಿಗೆ ಆಡ್ಲಿ, ಚೋಂದಮ್ಮ, ಅವಳ ತಂಗಿ ಇಬ್ರೂ ನಮಗೆ ಬರ್ಲಿ. ಆ ಮನೆಯವರೂ ಒಪ್ಪಿದಾರೆ. ಒಂದು ಕೊಟ್ರೆ ಎರಡು! ಇಂಥ ಆಫರ್ ಮಡಿಕೇರಿ ಬಟ್ಟೆ ಅಂಗಡೀಲೂ ಇಲ್ಲ!" ಎಂದ ಬೆಳ್ಯಪ್ಪ.

ನಮ್ಮ ಗೋಲ್‌ಕೀಪರ್ ಕುಟ್ಟಪ್ಪ ಒಪ್ಪಲಿಲ್ಲ. "ಬೊಳ್ಳಮ್ಮ ಇನ್ನೂ ಹತ್ತು ವರ್ಷ ಆಡೋಳು. ಚೋಂದಮ್ಮನ ಮಂಡಿ ಈಗ್ಲೇ ಕಟಕಟ ಅಂತಿದೆ."

"ನಿನ್ನ ಮಂಡಿ ಸುದ್ದಿ ಹೇಳು! ಹೋದ ವರ್ಷ ಗೋಲ್‌ನಲ್ಲಿ ನಿಂತ್ಕೊಂಡೇ ನಿದ್ದೆ ಮಾಡ್ದೆಯಲ್ಲ!"

"ನಿದ್ದೆ ಅಲ್ಲ ಮಾರಾಯ, ಸೂರ್ಯ ಕಣ್ಣಿಗೆ ಹೊಡೀತಿದ್ದ!"

ಎಲ್ಲರೂ ನಕ್ಕರು. ಬೆಳ್ಯಪ್ಪನ ಮಗ ಉತ್ತಯ್ಯ ಮಾತ್ರ ನಗಲಿಲ್ಲ. "ಅಪ್ಪ... ಅವಳನ್ನ ಒಂದು ಮಾತು ಕೇಳ್ಬಾರ್ದಾ?"

"ಓಹೋ, ಹೆಂಡ್ತಿ ಪರ ವಕೀಲರು ಬಂದ್ರು!"

ಅಷ್ಟರಲ್ಲಿ ಬೊಳ್ಳಮ್ಮ ಕಾಫಿ ತಂದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು.

"ಆಗ್ಲಿ ಮಾವ, ನೀವು ಹೇಳ್ದಂಗೆ" ಎಂದಳು. ಲೋಟ ಇಟ್ಟವಳೇ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು...

ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು.

"ದೊಡ್ಡತ್ತೆ, ನಾನೇನಾದ್ರೂ ತಪ್ಪು ಮಾಡಿದ್ನಾ? ಈ ಮನೆಗೆ ಆಡ್ತೀನಿ ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ... ಎರಡೇ ತಿಂಗಳಿಗೆ ವಾಪಸ್ ಕಳಿಸ್ದಂಗೆ ಆಯ್ತಲ್ಲ."

ಉತ್ತಯ್ಯ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತ. ಅವಳು ತೊಳೆದ ಲೋಟಗಳನ್ನು ಒಂದೊಂದಾಗಿ ಒರೆಸತೊಡಗಿದ.

ಆಗಲೇ ಹಿತ್ತಿಲ ಬಾಗಿಲಿನಿಂದ ಚೋಂದಮ್ಮ ಬಂದಳು. ತವರಿಗೆ ಬಂದ ಮಗಳು ಮೊದಲು ಅಡುಗೆಮನೆಗೆ ತಾನೆ ಬರುವುದು!

ಬೊಳ್ಳಮ್ಮನ ಕಣ್ಣು ನೋಡಿದಳು. ಜಗಲಿಯಲ್ಲಿ ಆದ 'ಒಂದು ಕೊಟ್ರೆ ಎರಡು' ಮಾತನ್ನು ನಾನೇ ಹೇಳಿದೆ. ನೇರವಾಗಿ ಜಗಲಿಗೆ ನಡೆದಳು.

"ಬಾ ಬಾ, ನಮ್ಮ ಸೆಂಟರ್ ಫಾರ್ವರ್ಡ್!" ಎಂದ ಬೆಳ್ಯಪ್ಪ.

"ಚಿಕ್ಕಪ್ಪ, ನಾನು ಯಾಕೆ ಆ ಮನೆಗೇ ಆಡ್ತೀನಿ ಗೊತ್ತಾ?"

"ಯಾಕೆ?"

"ನನ್ನ ಮದುವೆ ದಿನ ಗಂಗಾಪೂಜೆ ಮುಗಿಸಿ, ತಲೆ ಮೇಲೆ ನೀರಿನ ಬಿಂದಿಗೆ ಹೊತ್ಕೊಂಡು ಬಾವಿಯಿಂದ ಹೊರಟೆ. ಗಂಡನ ಕಡೆಯವರೆಲ್ಲ ಮುಂದೆ ಕುಣಿದು ಕುಣಿದು ದಾರಿ ತಡೆದ್ರು. ಸಂಪ್ರದಾಯ ಅಲ್ವಾ... ಕತ್ತು ಬಿದ್ದೇ ಹೋಯ್ತು ಅನ್ನಿಸ್ತು. ಆಗ ನಮ್ಮತ್ತೆ ಬಂದು, 'ಸಾಕು ಬಿಡ್ರೋ, ನಮ್ಮ ಹುಡುಗಿ ಒಳಗೆ ಬರ್ಲಿ' ಅಂದ್ರು. 'ನಮ್ಮ ಹುಡುಗಿ' ಅಂದ್ರು ಚಿಕ್ಕಪ್ಪ! ಆ ಒಂದು ಮಾತಿಗೆ ಇವತ್ತಿಗೂ ಅದೇ ಜರ್ಸಿ ಹಾಕ್ತಿದೀನಿ."

ಚೋಂದಮ್ಮ ಅಡುಗೆಮನೆಯ ಕಡೆ ಕೈ ತೋರಿಸಿದಳು.

"ಬೊಳ್ಳಮ್ಮನೂ ಹಂಗೇ ನೀರು ಹೊತ್ಕೊಂಡು ಈ ಮನೆ ಒಳಗೆ ಬಂದೋಳು. ಅವಳಿಗೆ ನೀವು ಏನು ಹೇಳಿದ್ರಿ? ಒಂದು ಕೊಟ್ರೆ ಎರಡು ಅಂತಾನಾ?"

ಬೆಳ್ಯಪ್ಪ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದ.

ಜೋರು ಬಾಯಿಯ ಮನುಷ್ಯ... ಅವತ್ತು ಮೆಲ್ಲಗೆ ಕೇಳಿದ.

"ಮಗಳೇ... ನಿನಗೆ ಯಾವ ಮನೆಗೆ ಆಡೋಕೆ ಇಷ್ಟ? ನಾನು ಮೊದ್ಲೇ ಕೇಳ್ಬೇಕಿತ್ತು."

ಬೊಳ್ಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆಡಿಸ್ತೀರಾದ್ರೆ... ಈ ಮನೆಗೇ ಮಾವ."

"ಆಡಿಸ್ದೆ ಇರ್ತೀವಾ? ನೀನು ನಮ್ಮ ಹುಡುಗಿ!"

ಜಗಲಿಯಿಂದ ಕುಟ್ಟಪ್ಪ ಕೂಗಿದ. "ಹಂಗಾದ್ರೆ ಈ ವರ್ಷನೂ ಮೊದ್ಲನೇ ರೌಂಡ್‌ನಲ್ಲೇ ಮನೆಗೆ! ಕಾಫಿ ಇನ್ನೊಂದು ಲೋಟ ಕೊಡಮ್ಮ!"

ಯಾರ ಮೇಲೆ ಯಾರೆಂದು ಡ್ರಾ ಎತ್ತಿದಾಗ ನೋಡಿದರೆ, ಮೊದಲ ಪಂದ್ಯವೇ ಚೋಂದಮ್ಮನ ಗಂಡನ ಮನೆಯ ಮೇಲೆ!

ಚೋಂದಮ್ಮ ನಮ್ಮ ಮೇಲೆ ಎರಡು ಗೋಲ್ ಹೊಡೆದಳು. ಮಂಡಿ ಕಟಕಟ ಅಂದಿತೋ ಇಲ್ಲವೋ, ಸ್ಟಿಕ್ ಮಾತ್ರ ಟಣಟಣ ಅಂದಿತು. ಅವಳ ತಂಗಿ ಇನ್ನೊಂದು ಹೊಡೆದಳು.

ಕೊನೆಯ ನಿಮಿಷಗಳಲ್ಲಿ ಬೊಳ್ಳಮ್ಮ ಚೋಂದಮ್ಮನ ಕಾಲಡಿಯಿಂದಲೇ ಬಾಲ್ ಕಸಿದು ಓಡಿದಳು ನೋಡಿ... ಗೋಲ್!

ಮೊಟ್ಟಮೊದಲು ಚಪ್ಪಾಳೆ ತಟ್ಟಿದವಳು ಎದುರಾಳಿ ಚೋಂದಮ್ಮ.

ಮೈಕಿನಲ್ಲಿ ಕಾಮೆಂಟರಿ ಹೇಳುವವರು ತಡವರಿಸಿದರು. "ಈ ಅದ್ಭುತ ಗೋಲ್ ಹೊಡೆದದ್ದು... ಯಾವ ಮನೆಯ ಹುಡುಗಿ?"

ಈ ಕಡೆಯಿಂದ ಬೆಳ್ಯಪ್ಪ ಕುರ್ಚಿ ಹತ್ತಿ ನಿಂತು ಕೂಗಿದ. "ನಮ್ಮ ಮನೆಯವಳು!"

ಆ ಕಡೆಯಿಂದ ಅವಳ ಅಪ್ಪ ಸ್ವಂತ ಟೀಮಿಗೇ ಗೋಲ್ ಬಿದ್ದದ್ದನ್ನೂ ಮರೆತು ಕೂಗಿದರು. "ನಮ್ಮ ಮನೆಯವಳು!"

ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಬೊಳ್ಳಮ್ಮ ಮಾತ್ರ ಮೈದಾನದ ನಡುವೆ ಸ್ಟಿಕ್ ಹಿಡಿದು ನಿಂತು, ನಗುತ್ತ ನಗುತ್ತ ಅಳುತ್ತಿದ್ದಳು...

ನಾವು ಸೋತೆವು. ಆದರೆ ಅಷ್ಟು ಖುಷಿಯಾಗಿ ಮನೆಗೆ ಬಂದ ಸೋತ ಟೀಮನ್ನು ನಾನಂತೂ ಕಂಡಿಲ್ಲ.

ಗೆಲ್ಲಿಸುವ ಆಟಗಾರರು ಎಲ್ಲಿಂದಲಾದರೂ ಸಿಗುತ್ತಾರೆ... 'ನೀನು ನಮ್ಮವಳು' ಎಂಬ ಮಾತು ಮಾತ್ರ ಮನೆಯವರಿಂದಲೇ ಸಿಗಬೇಕು.

ನಿಮ್ಮ ಮನೆಗೆ, ನಿಮ್ಮ ಆಫೀಸಿಗೆ ಹೊಸದಾಗಿ ಬಂದವರಿಗೆ ಆ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ?