ಹುಳುವಿನೊಳಗಿನ ಎಳೆ

ದೋಷ ಮಸೂರದ್ದೋ, ತಮ್ಮ ಕಣ್ಣಿನದೋ? ಡಾಕ್ಟರ್ ರೇನಿಯರ್ ಮಸೂರ ಕೂಡಿಸಿದ ಹಿತ್ತಾಳೆ ಪಟ್ಟಿಯನ್ನು ಮತ್ತೆ ಕಣ್ಣಿಗೊತ್ತಿಕೊಂಡರು. ಕಾಲುವೆಯಿಂದ ತಂದ ಮರಿಹುಳು ಗಾಜಿನ ಚೂರಿನಷ್ಟು ತಿಳಿಯಾಗಿತ್ತು. ಗಾಳಿಚೀಲ ಕಂಡಿತು, ಕರುಳು ಕಂಡಿತು. ಚಿತ್ರಕಾರ ಹೋವರ್ಟ್ ಇದೇ ಮಸೂರದಲ್ಲಿ ನೋಡಿ ಬರೆದುಕೊಟ್ಟಿದ್ದ ಆ ಬಳುಕುವ ಎಳೆ ಮಾತ್ರ ಇವತ್ತೂ ಕಾಣಲಿಲ್ಲ. ಕಾಣಲಿಲ್ಲ ಎನ್ನುವ ಕಾಲ ಮೀರಿತ್ತು. ಅದಕ್ಕೆ ಜೀವನಾಳವೆಂದು ಹೆಸರಿಟ್ಟು, ಕಣ್ಣಾರೆ ಕಂಡೆನೆಂದು ಡೆಲ್ಫ್ಟ್‌ನ ವೈದ್ಯರ ಸಭೆಯಲ್ಲಿ ಸಾರಿಯಾಗಿತ್ತು. ಪುಸ್ತಕದಲ್ಲಿ ಅಚ್ಚಾಗಲೆಂದು ಚಿತ್ರವನ್ನು ತಾಮ್ರದ ತಗಡಿನಲ್ಲಿ ಕೊರೆಯಲು ಕೊಟ್ಟೂ ಆಗಿತ್ತು.

ಬೂಟಿನ ಹಿಮ ಕೊಡವುತ್ತ ಹೋವರ್ಟ್ ಒಳಗೆ ಬಂದ. ಟೋಪಿ ತೆಗೆಯಲಿಲ್ಲ.

"ಡಾಕ್ಟ್ರೇ, ಬೈಬೇಡಿ. ಬರ್ತಾ ಕಾಲುವೆ ಹತ್ರ ನಿಂತಿದ್ದೆ. ಆ ಎಳೆ ಹಿಮದ ಮೇಲೆ ಕಾಣ್ತು."

"ಏನಂದೆ?"

"ಅದೇ ಎಳೆ, ಅದೇ ಬಳುಕು. ಬೆಳಿಗ್ಗೆ ನನ್ನ ಹೆಂಡ್ತಿ ಬಿಳಿ ಕುಲಾವಿ ಮೇಲೂ ಇತ್ತು. ಹುಳ ನೋಡಿ ನೋಡಿ ತಲೇಲೂ ಹುಳ ಬಿಟ್ಕೊಂಡ್ರಾ ಅಂತ ಉಗಿದ್ಲು." ನಗಲು ಹೋಗಿ ನಿಲ್ಲಿಸಿದ. "ಅದು ನನ್ನ ಕಣ್ಣಲ್ಲೇ ಇದ್ರೆ ಈ ದೀಪದ ಮುಂದಿನ ಕೆಲಸ ಇವತ್ತೇ ಬಿಡ್ತೀನಿ. ಗೋಡೆಗೆ ಕೂರಿಸೋ ಪಿಂಗಾಣಿ ಬಿಲ್ಲೆ ಮೇಲೆ ನೀಲಿ ಚಿತ್ರ ಬರೆಯೋಕೆ ಬಾಮೈದ ಕರೀತಾನೇ ಇದಾನೆ. ಹಡಗು, ಗಾಳಿಗಿರಣಿ ಬರ್ಕೊಂಡು ಇರ್ತೀನಿ. ಕಣ್ಣಾದ್ರೂ ಉಳೀಲಿ. ಆದ್ರೆ... ನೀವೂ ನೋಡಿದ್ರಲ್ಲ?"

ಹಾಗಾದರೆ ತಮ್ಮ ಕಣ್ಣಿಗೆ ಏನೂ ಆಗಿಲ್ಲ. ರೇನಿಯರ್‌ಗೆ ಮೊದಲು ಬಂದದ್ದು ಆ ನೆಮ್ಮದಿ. ಅದಕ್ಕೆ ನಾಚಿಕೆಯೂ ಆಯಿತು. ಒಲೆಯ ಹೊಗೆಗೆ ಕೆಮ್ಮಿದರು.

"ನೋಡಿದೀನಿ ಕಣಯ್ಯಾ. ಸಭೇಲಿ ಸುಳ್ಳು ಹೇಳ್ತೀನಾ?"

ಹೋವರ್ಟ್‌ನ ಹೆಗಲು ಸಡಿಲಾಯಿತು. "ಅಬ್ಬಾ! ದಿನವಿಡೀ ಅದನ್ನೇ ನೋಡಿ ಹಿಮದ ಮೇಲೂ ಕಂಡಿರ್ಬೇಕು. ಹೆಂಡ್ತಿಗೆ ಹೇಳ್ತೀನಿ, ಹುಳ ಇರೋದು ಹುಳದಲ್ಲೇ ಅಂತ." ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ಪುಸ್ತಕ ಹೊರಬರುವಷ್ಟರಲ್ಲಿ ಎರಡು ಬೇಸಿಗೆ ಕಳೆದವು. ಹೆಂಡತಿಯ ಕೈ ಹಿಡಿದು ಬಂದ ಹೋವರ್ಟ್ ಚಿತ್ರವಿದ್ದ ಹಾಳೆಯ ಮೇಲೆ ಬೆರಳಾಡಿಸಿದ. ಪುಸ್ತಕ ತಲೆಕೆಳಗಾಗಿತ್ತು. ಹೆಂಡತಿ ಅದನ್ನು ತಿರುಗಿಸಿ ಕೊಟ್ಟಳು.

"ಎಳೆ ಚೆನ್ನಾಗಿ ಬಂದಿದೆಯಾ ಡಾಕ್ಟ್ರೇ?"

"ನೋಡಿದ ಹಾಗೇ ಬಂದಿದೆ," ಎಂದರು ರೇನಿಯರ್.

ಆ ಎಳೆಯನ್ನು ತಾವು ಒಮ್ಮೆಯೂ ನೋಡಿರಲಿಲ್ಲ ಎಂಬುದನ್ನು ಅವರು ಅವನಿಗೆ ಕೊನೆಯವರೆಗೂ ಹೇಳಲಿಲ್ಲ.