ಹೊಳೆ ಹರಿದಲ್ಲೇ ಗಡಿ

ನೆರೆದೇಶದವರು ಒಂದು ಗುಂಡೂ ಹಾರಿಸದೆ ಆ ಊರನ್ನು ಕಿತ್ತುಕೊಂಡರು. ‘ಹೊಳೆ ಎಲ್ಲಿ ಹರಿಯುವುದೋ ಅಲ್ಲಿಯೇ ಗಡಿ’ ಎಂದು ಮುತ್ತಜ್ಜಂದಿರ ಕಾಲದ ಒಪ್ಪಂದದಲ್ಲಿತ್ತು. ಊರಿನ ಆಚೆ ಹರಿಯುತ್ತಿದ್ದ ಹೊಳೆಗೆ ಮಣ್ಣಿನ ಒಡ್ಡು ಕಟ್ಟಿ, ಅದನ್ನು ಊರಿನ ಈಚೆಗೆ ತಿರುಗಿಸಿದರು. ಆಮೇಲೆ ಊರವರನ್ನೆಲ್ಲ ಹೊರಗಟ್ಟಿದರು.

ಇವತ್ತು ಪ್ರವಾಹಕ್ಕೆ ಆ ಒಡ್ಡು ಬಾಯಿಬಿಟ್ಟಿತ್ತು. ನೀರು ಹಳೆಯ ಪಾತ್ರಕ್ಕೆ ಮರಳಿ ನುಗ್ಗುತ್ತಿತ್ತು. ಹತ್ತಿರದಲ್ಲಿದ್ದದ್ದು ಈಚೆ ದಡದ ಬುಲ್ಡೋಜರ್ ಒಂದೇ, ಅದರ ಸೀಟಿನಲ್ಲಿ ಕೂತಿದ್ದವಳು ಆ ಊರಿನ ಮಗಳು. ಕೆಳಗೆ ಕೆಸರಿನಲ್ಲಿ ಅವಳ ಇಂಜಿನಿಯರ್, ಪಕ್ಕದಲ್ಲಿ ನೆರೆದೇಶದ ಗಡಿ ಅಧಿಕಾರಿ. ಊರು ಖಾಲಿ ಮಾಡಿಸಿದ ದಿನ ಮನೆಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದ ಅವಳ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಈ ಅಧಿಕಾರಿಯೇ. “ನಾನೇನ್ ಮಾಡ್ಲಮ್ಮ, ಒಪ್ಪಂದದಲ್ಲಿ ಹಾಗೇ ಬರೆದಿದೆ” ಎಂದಿದ್ದ. ಅಮ್ಮ ಸತ್ತದ್ದು ಕಂಡವರ ಮನೆಯ ಜಗುಲಿಯಲ್ಲಿ.

“ಅಕ್ಕಾ, ನಾಕು ಸಲ ಮಣ್ಣು ತಳ್ಳಿದ್ರೆ ಮುಚ್ಚಿಹೋಗುತ್ತೆ,” ಅಧಿಕಾರಿ ಹಲ್ಲುಗಿಂಜಿದ.

“ಓಹೋ, ಈಗ ಅಕ್ಕ ಆದ್ನಾ?”

“ನೆರೆದೇಶದ ಜೊತೆ ಜಗಳ ಬೇಡ ಅಂತ ಮೇಲಿಂದ ಆರ್ಡರ್ ಬಂದಿದೆ ಕಣಮ್ಮ,” ಇಂಜಿನಿಯರ್ ಕೂಗಿದ. “ತಳ್ಳು, ಇಲ್ದಿದ್ರೆ ನಿನ್ ಕೆಲಸ ಹೋಗುತ್ತೆ!”

ಅವಳ ಕೈ ಗೇರಿನ ಮೇಲಿತ್ತು. ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಬೆರಳನ್ನು ಬಿಡಿಸಿದಳು. ಆಮೇಲೆ ಇಂಜಿನ್ ಆರಿಸಿದಳು.

“ನಾನೇನ್ ಮಾಡ್ಲಿ ಸಾರ್, ಒಪ್ಪಂದದಲ್ಲಿ ಹಾಗೇ ಬರೆದಿದೆ,” ಎಂದು ಅವನಿಗೆ ಹೇಳಿ ಇಂಜಿನಿಯರ್ ಕಡೆ ತಿರುಗಿದಳು. “ಕೆಲಸ ಹೋಗ್ಲಿ ಬಿಡಿ. ನಮ್ಮೂರು ಬರ್ತಾ ಇದೆ.”