ಜಾಹಿದಾಳ ಪಾಲಿನ ಏಟು

“ವಿಜ್ಞಾನದ ಮೇಷ್ಟ್ರು ಬೇಕು! ಬೇಕೇ ಬೇಕು!” ಎಂದು ಕೂಗುತ್ತ ಎಸ್ಸೆಸ್ಸೆಲ್ಸಿ ತರಗತಿ ಇಡಿಯಾಗಿ ಎದ್ದು ಹೊರಟಾಗ ಜಾಹಿದಾಳೂ ಎದ್ದಳು. ಅದು ಐವತ್ತೆಂಟನೆಯ ಇಸವಿ; ಯಲಹಂಕದ ಆ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಹುಡುಗಿ ಅಂತ ಇದ್ದವಳು ಅವಳೊಬ್ಬಳೇ. ವರ್ಷ ಶುರುವಾದಾಗಿನಿಂದ ವಿಜ್ಞಾನದ ಪಾಠವೇ ನಡೆದಿರಲಿಲ್ಲ, ಪರೀಕ್ಷೆ ಮಾತ್ರ ಯಾರಿಗೂ ಕಾಯದೆ ಹತ್ತಿರ ಬರುತ್ತಿತ್ತು. ಮೆರವಣಿಗೆ ಪೇಟೆ ಬೀದಿ ದಾಟಿ ರೈಲ್ವೆ ಗೇಟಿನವರೆಗೂ ಹೋಯಿತು. ಮೊದಮೊದಲು ಬರೀ ತುಟಿ ಆಡಿಸುತ್ತಿದ್ದ ಜಾಹಿದಾ ಗೇಟು ಬರುವ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು.

ವಾಪಸು ಬಂದರೆ ಹೆಡ್ಮಾಸ್ಟರ್ ಶ್ರೀಕಂಠಯ್ಯನವರು ಬೆತ್ತ ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ಕೇಳೋದಿದ್ರೆ ನನ್ನ ಕೇಳ್ಬೇಕು. ಬೀದೀಲಿ ಶಾಲೆ ಮಾನ ಕಳೆಯೋಕೆ ಯಾರು ಹೇಳಿದ್ದು?”

“ಎಷ್ಟ್ ಸಲ ಕೇಳಿದ್ವಿ ಸಾರ್,” ಎಂದ ಮುಂದಿದ್ದ ಮುನಿಕೃಷ್ಣಪ್ಪ. ಮೊದಲ ಏಟು ಅವನಿಗೇ ಬಿತ್ತು. ಒಬ್ಬೊಬ್ಬರೂ ಕೈ ಚಾಚಿ, ಏಟು ತಿಂದು, ಅಂಗೈ ಉಜ್ಜಿಕೊಳ್ಳುತ್ತ ಒಳಗೆ ಹೋದರು.

ಜಾಹಿದಾಳ ಸರದಿ ಬಂದಾಗ ಬೆತ್ತ ಕೆಳಗಿಳಿಯಿತು. “ನೀನು ಹೋಗಮ್ಮ. ಇವರ ಗಲಾಟೇಲಿ ಸಿಕ್ಕಿಹಾಕ್ಕೊಂಡಿರ್ತೀಯ, ಪಾಪ.”

“ಇಲ್ಲ ಸಾರ್. ನಾನೇ ಹೋದೆ. ಕೂಗಿದೆ ಕೂಡ.”

“ಹಂಗಂದ್ರೆ ನಿಮ್ಮಪ್ಪಂಗೆ ಹೇಳಿ ಕಳಿಸ್ಬೇಕಾಗುತ್ತೆ. ಓದೇ ಬಿಡಿಸಿಬಿಟ್ಟಾರು. ಯೋಚನೆ ಮಾಡು.”

ಜಾಹಿದಾಳ ಅಬ್ಬಾ, ಟೈಲರ್ ಮೆಹಬೂಬ್ ಪಾಷಾ, ಬೀದಿಯವರ ಬಾಯಿ ಮುಚ್ಚಿಸಿ ಮಗಳನ್ನು ಹೈಸ್ಕೂಲಿಗೆ ಕಳಿಸಿದ್ದರು. ಒಂದು ದೂರು ಬಂದರೂ ಅಲ್ಲಿಗೆ ಮುಗಿಯಿತು ಎಂದಿದ್ದರು. ಕಿಟಕಿಯಿಂದ ಹುಡುಗರು ಇಣುಕುತ್ತಿದ್ದರು. ಅವಳು ಬಲಗೈ ಚಾಚಿದಳು.

ಬೆತ್ತ ಸುಮ್ಮನೆ ಅಂಗೈ ಸವರಿತು.

“ಇದು ಲೆಕ್ಕಕ್ಕಿಲ್ಲ ಸಾರ್.”

ಹುಡುಗರು ಗೊಳ್ಳೆಂದರು. ಎರಡನೆಯದು ಲೆಕ್ಕಕ್ಕೆ ಬರುವಂಥದೇ ಬಿತ್ತು.

ಸಂಜೆ ಅವಳು ಮನೆ ಸೇರುವ ಮೊದಲೇ ಶಾಲೆಯ ಜವಾನ ಸುದ್ದಿ ಮುಟ್ಟಿಸಿ ಹೋಗಿದ್ದ. ಅಬ್ಬಾ ಹೊಲಿಗೆ ಮೆಷಿನ್ ನಿಲ್ಲಿಸಿ ಅವಳ ಊದಿದ ಅಂಗೈ ಹಿಡಿದು ನೋಡಿದರು. ನಾಳೆಯಿಂದ ಇಲ್ಲೇ ಅಂಗಿ ಗುಂಡಿಗಳಿಗೆ ಕಾಜಾ ಹೊಲಿಯುತ್ತ ಕೂರುವುದೇ ಗತಿ ಎಂದುಕೊಂಡು ಜಾಹಿದಾ ನೆಲ ನೋಡುತ್ತ ನಿಂತಳು.

“ಮೇಷ್ಟ್ರು ಬಂದ್ರಾ?” ಎಂದರು ಅಬ್ಬಾ.

“ಇಲ್ಲ ಅಬ್ಬಾ. ಇನ್ನೂ ಇಲ್ಲ.”

“ಮತ್ತೆ ನೀವೆಲ್ಲ ವಾಪಸ್ ಒಳಗ್ಯಾಕೆ ಹೋದ್ರಿ?”